ಒಡೆಯೋಣವೋ, ಉಳಿಸೋಣವೋ? 2022ರ ಕಟ್ಟಡಗಳನ್ನು ಮುಂದಿಟ್ಟುಕೊಂಡು ಒಂದು ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ತಂದೆ 1987ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಕಟ್ಟಡ ಇದೆ. ಕೆಳಗೆ ಎರಡು ಅಂಗಡಿ, ಮೇಲೆ ಎರಡು ಮನೆ. ಈಗ ನಾನು ಮತ್ತು ಇಬ್ಬರು ತಮ್ಮಂದಿರು ಹಕ್ಕುದಾರರು. ತಾರಸಿ ಸೋರುತ್ತದೆ. ಬಾಲ್ಕನಿ ಮತ್ತು ಸಜ್ಜಾದ ಅಡಿಯಲ್ಲಿ ಸಿಮೆಂಟು ಉದುರಿ ಕಂಬಿ ಕಾಣುತ್ತಿದೆ. ಕಂಟ್ರಾಕ್ಟರು ನೋಡಿ, "ಕಂಬಿಗೆ ತುಕ್ಕು ಬಂದ ಮೇಲೆ ಮುಗೀತು, ಒಡೆದು ಹೊಸದು ಕಟ್ಟಿ" ಎಂದರು. ಒಬ್ಬ ತಮ್ಮನಿಗೂ ಅದೇ ಸರಿ ಅನ್ನಿಸಿದೆ. ನನ್ನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ, ಕಾಲೇಜಿಗೆ 2022ರ ವಿಶ್ವ ವಾಸ್ತುಶಿಲ್ಪದ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ. ಆ ವರ್ಷ ಸಿಡ್ನಿಯಲ್ಲಿ ಹಳೇ ಗೋಪುರವನ್ನು ಒಡೆಯದೆ ಹೊಸದು ಮಾಡಿದರಂತೆ, ಮಣ್ಣಿನ ಶಾಲೆ ಕಟ್ಟಿದವರಿಗೆ ದೊಡ್ಡ ಪ್ರಶಸ್ತಿ ಬಂತಂತೆ, ಬೆಂಗಳೂರಿನಲ್ಲೇ ಬಿದಿರಿನ ಏರ್‌ಪೋರ್ಟ್ ಆಯಿತಂತೆ. ಇನ್ನು ಒಡೆಯೋದು ಹಳೇ ಕಾಲದ ಮಾತು ಅನ್ನುತ್ತಾಳೆ. ಆದರೆ ಅದೇ ವರ್ಷ ಟೋಕಿಯೋದಲ್ಲಿ ಹೆಸರುವಾಸಿ ಕಟ್ಟಡ ಒಂದನ್ನು ಒಡೆದರು, ನೋಯ್ಡಾದಲ್ಲಿ ಹೊಸ ಕಟ್ಟಡವನ್ನೇ ಉರುಳಿಸಿದರು. ಯಾವುದನ್ನು ನಂಬಬೇಕು? ಒಡೆಯದಿದ್ದರೆ ಮೇಲೆ ಇನ್ನೊಂದು ಅಂತಸ್ತು ಏರಿಸಬಹುದಾ, ಅದೂ ಮಣ್ಣಿನ ಇಟ್ಟಿಗೆಯಲ್ಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಪ್ರಪಂಚ ಎತ್ತ ಹೋಗುತ್ತಿದೆ ಅನ್ನುವುದು ಒಂದು. ನಿಮ್ಮ ಬಾಲ್ಕನಿಯ ಕಂಬಿ ಎಷ್ಟು ಸವೆದಿದೆ ಅನ್ನುವುದು ಇನ್ನೊಂದು. ಮೊದಲನೆಯದು ಗೊತ್ತಾದರೆ ಎರಡನೆಯದಕ್ಕೂ ಉತ್ತರ ಸಿಕ್ಕ ಹಾಗೆ ಅಂತ ಮಗಳು ಅಂದುಕೊಂಡಿದ್ದಾಳೆ. ಎರಡನೆಯದನ್ನು ಕಣ್ಣಲ್ಲಿ ನೋಡಿಯೇ ಹೇಳಬಹುದು ಅಂತ ಕಂಟ್ರಾಕ್ಟರು ಅಂದುಕೊಂಡಿದ್ದಾರೆ. ಇಬ್ಬರದೂ ಸ್ವಲ್ಪ ಅವಸರವೇ. ನನ್ನ ಕೆಲಸವೇ ಹಳೇ ಕಟ್ಟಡಗಳ ಪರೀಕ್ಷೆ ಮತ್ತು ರಿಪೇರಿ. ಹಾಗಾಗಿ ಉಳಿಸುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮುಂದೆ ಓದಿ.

ಮಗಳ ಪಟ್ಟಿಯಿಂದಲೇ ಶುರು ಮಾಡೋಣ. ಸಿಡ್ನಿಯದು ಕ್ವೇ ಕ್ವಾರ್ಟರ್ ಟವರ್. ಬಂದರಿನ ಪಕ್ಕದಲ್ಲಿ 1976ರಲ್ಲಿ ಎದ್ದ ಎಎಂಪಿ ಸೆಂಟರ್ ಅನ್ನುವ ಆಫೀಸು ಕಟ್ಟಡ ಅದು. ಡೆನ್ಮಾರ್ಕಿನ ಥ್ರೀಎಕ್ಸ್‌ಎನ್ ಸಂಸ್ಥೆ ಅದನ್ನು ಪೂರ್ತಿ ಕೆಡವದೆ, ಅದರ ಮೈಗೆ ಅಂಟಿಸಿ ಹೊಸದನ್ನು ಬೆಳೆಸಿತು. ಒಳಗಿನ ಜಾಗ ಸುಮಾರು ಎರಡು ಪಟ್ಟಾಯಿತು. ಎತ್ತರ 200 ಮೀಟರ್ ದಾಟಿತು. 2022ರ ಕೊನೆಗೆ ವರ್ಲ್ಡ್ ಆರ್ಕಿಟೆಕ್ಚರ್ ಫೆಸ್ಟಿವಲ್‌ನಲ್ಲಿ ವರ್ಷದ ಕಟ್ಟಡ ಅನ್ನುವ ಪ್ರಶಸ್ತಿಯೂ ಬಂತು. ಇಷ್ಟೂ ನಿಜ.

ಆದರೆ "ಒಡೆಯದೆ" ಅನ್ನುವ ಮಾತು ನಿಜವಲ್ಲ. ಬೀಮ್, ಕಾಲಂ, ಸ್ಲ್ಯಾಬುಗಳಲ್ಲಿ ಸುಮಾರು ಶೇಕಡಾ 65 ಉಳಿಸಿಕೊಂಡರು. ಲಿಫ್ಟು, ಮೆಟ್ಟಿಲು ಇರುವ ನಡುವಿನ ಗೋಡೆಗಳಲ್ಲಿ ಶೇಕಡಾ 95 ಉಳಿಸಿಕೊಂಡರು. ಅಂದರೆ ಹೆಚ್ಚು ಕಡಿಮೆ ಮೂರನೇ ಒಂದು ಭಾಗದ ಸ್ಲ್ಯಾಬು, ಕಾಲಂಗಳನ್ನು ಕತ್ತರಿಸಿ ತೆಗೆದರು ಅಂತಾಯಿತು. ಹೊರಗಿನ ಗಾಜು, ಹೊದಿಕೆ ಪೂರ್ತಿ ಹೋಯಿತು. ಯಾವುದು ಗಟ್ಟಿಯಾಗಿದೆ, ಯಾವುದು ಬೇಡ ಅಂತ ಆರಿಸಿ ಒಡೆದಿದ್ದಾರೆ. ಇಡೀ ಕೆಲಸದ ಜಾಣ್ಮೆ ಇರುವುದೇ ಆ ಆಯ್ಕೆಯಲ್ಲಿ.

ಅಲ್ಲಿ ಎದುರಾದ ಒಂದು ತೊಂದರೆ ನಿಮಗೂ ಬರುವಂಥದ್ದು, ಅದಕ್ಕೇ ಹೇಳುತ್ತೇನೆ. ನಲವತ್ತು ವರ್ಷದ ಕಾಂಕ್ರೀಟು ಕುಗ್ಗುವಷ್ಟು ಕುಗ್ಗಿ ಸುಮ್ಮನಾಗಿರುತ್ತದೆ. ಹೊಸ ಕಾಂಕ್ರೀಟು ಹಾಗಲ್ಲ. ಹಾಕಿದ ಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ, ಭಾರಕ್ಕೆ ಮೆಲ್ಲಗೆ ಇಳಿಯುತ್ತದೆ. ಎರಡನ್ನೂ ಒಂದೇ ಏಟಿಗೆ ಬೆಸೆದರೆ ಸೇರಿದ ಜಾಗದಲ್ಲಿ ಬಿರುಕು ಗ್ಯಾರಂಟಿ. ಸಿಡ್ನಿಯಲ್ಲಿ ಹಳೇ ಸ್ಲ್ಯಾಬಿಗೂ ಹೊಸ ಸ್ಲ್ಯಾಬಿಗೂ ನಡುವೆ ಕೆಲವು ಮೀಟರ್ ಜಾಗ ಬಿಟ್ಟು ಕಾದರು. ಹೊಸದು ಬಹುಪಾಲು ಕುಗ್ಗಿದ ಮೇಲೆ ಆ ಸಂದು ಮುಚ್ಚಿದರು. ನಮ್ಮ ಕಡೆ ಹಳೇ ಮನೆಗೆ ಒಂದು ಕೋಣೆ ಸೇರಿಸುವವರು ಹಳೇ ಗೋಡೆಗೆ ನಾಲ್ಕು ಕಂಬಿ ಚುಚ್ಚಿ ಮರುದಿನವೇ ಮೋಲ್ಡ್ ಹಾಕಿಬಿಡುತ್ತಾರೆ. ಆಮೇಲೆ ಸೇರಿಸಿದ ಗೆರೆಯಲ್ಲೇ ಮಳೆನೀರು ಇಳಿಯುತ್ತದೆ.

ಇನ್ನೊಂದು ಸಂಗತಿ ಪ್ರಬಂಧಗಳಲ್ಲಿ ಬರುವುದು ಕಡಿಮೆ. ಸಿಡ್ನಿಯ ಕಟ್ಟಡದ ಹಿಂದೆ ದೊಡ್ಡ ಹಣಕಾಸು ಸಂಸ್ಥೆ ಇತ್ತು. ನಿರ್ಧಾರ ಕೆಲವೇ ಕೈಗಳಲ್ಲಿ ಇತ್ತು. ಇದು ಎಷ್ಟು ದೊಡ್ಡ ಅನುಕೂಲ ಅಂತ ತಿಳಿಯಬೇಕಾದರೆ ಟೋಕಿಯೋಗೆ ಹೋಗಬೇಕು.

ಅಲ್ಲಿ 2022ರ ಏಪ್ರಿಲ್‌ನಲ್ಲಿ ಒಡೆಯಲು ಶುರು ಮಾಡಿದ್ದು ನಕಾಗಿನ್ ಕ್ಯಾಪ್ಸೂಲ್ ಟವರ್. ಕಿಶೋ ಕುರೊಕಾವ ವಿನ್ಯಾಸ ಮಾಡಿದ್ದು, 1972ರಲ್ಲಿ ಮುಗಿದಿತ್ತು. ಎರಡು ಕಾಂಕ್ರೀಟ್ ಕಂಬಗಳು, ಅವುಗಳ ಸುತ್ತ 140 ಉಕ್ಕಿನ ಗೂಡುಗಳು. ಒಂದೊಂದು ಗೂಡು ಸುಮಾರು 10 ಚದರ ಮೀಟರ್. ಒಂದು ಹಾಸಿಗೆ, ಒಂದು ಪುಟ್ಟ ಬಾತ್‌ರೂಮು, ಒಂದು ದುಂಡನೆಯ ಕಿಟಕಿ. ಫ್ಯಾಕ್ಟರಿಯಲ್ಲಿ ತಯಾರು ಮಾಡಿ, ಕ್ರೇನಿನಲ್ಲಿ ಎತ್ತಿ, ನಾಲ್ಕು ದಪ್ಪ ಬೋಲ್ಟಿನಲ್ಲಿ ಸಿಕ್ಕಿಸಿದ್ದರು. 25 ವರ್ಷಕ್ಕೊಮ್ಮೆ ಹಳೇ ಗೂಡು ಬಿಚ್ಚಿ ಹೊಸದು ಹಾಕುವುದು, ಕಂಬ ಹಾಗೇ ಇರುವುದು ಅನ್ನುವ ಲೆಕ್ಕಾಚಾರ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಇಲ್ಲ ಅಲ್ವಾ?

ಆ ಐವತ್ತು ವರ್ಷದಲ್ಲಿ ಒಂದೇ ಒಂದು ಗೂಡೂ ಬದಲಾಗಲಿಲ್ಲ. ಕಾರಣಗಳನ್ನು ನೋಡಿ. ಗೂಡುಗಳನ್ನು ಮಡಕೆ ಪೇರಿಸಿದ ಹಾಗೆ ಒತ್ತಾಗಿ ಇಟ್ಟಿದ್ದರು. ನಡುವಿನ ಒಂದನ್ನು ತೆಗೆಯಬೇಕಾದರೆ ಮೇಲಿನವನ್ನೆಲ್ಲ ತೆಗೆಯಬೇಕು. ಒಳಗೆ ಆರೋಗ್ಯಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇತ್ತು. ಪೈಪುಗಳು ಕೆಟ್ಟು ಬಿಸಿನೀರು ನಿಂತುಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗೂಡುಗಳಿಗೆ ಬೇರೆ ಬೇರೆ ಮಾಲೀಕರು. ಕೆಲವರಿಗೆ ಉಳಿಸುವ ಆಸೆ, ಕೆಲವರಿಗೆ ಗಿಂಜಾದಂಥ ದುಬಾರಿ ಜಾಗ ಮಾರಿ ಹಣ ಮಾಡುವ ಆಸೆ. 2007ರಲ್ಲಿ ಮಾಲೀಕರು ಒಡೆಯುವ ಕಡೆಗೆ ವೋಟು ಹಾಕಿದರು. ಕೊಳ್ಳಬೇಕಿದ್ದ ಕಂಪನಿ 2008ರ ಆರ್ಥಿಕ ಕುಸಿತದಲ್ಲಿ ಮುಳುಗಿತು. ಮತ್ತೆ ಹತ್ತಕ್ಕೂ ಹೆಚ್ಚು ವರ್ಷ ಒಡೆಯಲೂ ಇಲ್ಲ, ರಿಪೇರಿಯೂ ಇಲ್ಲ. ಅಷ್ಟರಲ್ಲಿ ಕಟ್ಟಡಕ್ಕೆ ಬಲೆ ಹೊದಿಸಿದ್ದರು. ಕೊನೆಗೆ 23 ಗೂಡುಗಳನ್ನು ಬಿಚ್ಚಿ ಉಳಿಸಿಕೊಂಡರು. ಅವುಗಳಲ್ಲಿ ಕೆಲವು ಮ್ಯೂಸಿಯಂ ಸೇರಿವೆ.

ನನ್ನ ಪ್ರಕಾರ ನಕಾಗಿನ್ ಸತ್ತಿದ್ದು ಕಾಂಕ್ರೀಟಿನಿಂದಲ್ಲ, ಮಾಲೀಕರ ಸಭೆಗಳಿಂದ. ನೀವು ಮೂವರು ಹಕ್ಕುದಾರರು ಅಂತ ಬರೆದಿದ್ದೀರಿ. ಆ ಸಾಲನ್ನು ನಾನು ಎರಡು ಸಲ ಓದಿದೆ. ಕಂಬಿಯ ತುಕ್ಕಿಗಿಂತ ಜಾಸ್ತಿ ಕಟ್ಟಡಗಳನ್ನು ಹಾಳು ಮಾಡುವುದು "ಅವನು ಹೂಂ ಅನ್ನಲಿ ಅಂತ ಕಾಯ್ತಿದ್ದೀವಿ" ಅನ್ನುವ ಮಾತು.

ನೋಯ್ಡಾದ್ದು ಬೇರೆಯೇ ಕಥೆ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಸೂಪರ್‌ಟೆಕ್ ಅನ್ನುವ ಬಿಲ್ಡರ್ ಕಂಪನಿಯ ಆ ಎರಡು ಗೋಪುರಗಳು ಬಿದ್ದದ್ದು ದುರ್ಬಲ ಅಂತಲ್ಲ, ನಿಯಮ ಮೀರಿ ಕಟ್ಟಿದ್ದು ಅಂತ. ಪಕ್ಕದ ಕಟ್ಟಡಕ್ಕೆ ಬಿಡಬೇಕಾದ ಅಂತರ ಬಿಟ್ಟಿರಲಿಲ್ಲ. ಸುಪ್ರೀಂ ಕೋರ್ಟು 2021ರ ಆಗಸ್ಟ್ 31ರಂದು ಆದೇಶ ಕೊಟ್ಟಿತು. 2022ರ ಆಗಸ್ಟ್ 28ರಂದು ಸುಮಾರು 3,700 ಕಿಲೋ ಸ್ಫೋಟಕ ಇಟ್ಟು ಕೆಡವಿದರು. ಟಿವಿಯಲ್ಲಿ ಎಲ್ಲರೂ ನೋಡಿದ್ದು ಆ ಕೆಲವು ಸೆಕೆಂಡು ಮಾತ್ರ. ಉಳಿದದ್ದು ಸುಮಾರು 80,000 ಟನ್ ಅವಶೇಷ, ಅದನ್ನು ಸಾಗಿಸಲು ತಿಂಗಳುಗಳು. ಒಡೆಯುವುದು ಸಲೀಸು, ಒಡೆದದ್ದನ್ನು ಎಲ್ಲಿ ಹಾಕುವುದು ಅನ್ನುವುದು ಕಷ್ಟ. ನಿಮ್ಮ ಕಂಟ್ರಾಕ್ಟರು ಕೊಟ್ಟ ಅಂದಾಜಿನಲ್ಲಿ ಅವಶೇಷ ಸಾಗಿಸುವ ಬಾಬತ್ತು ಇದೆಯಾ ಅಂತ ಒಮ್ಮೆ ನೋಡಿ.

ಹಾಗಾದರೆ ಪ್ರಪಂಚ ಎತ್ತ ಹೋಯಿತು? ಒಂದೇ ಕಡೆಗೆ ಅಂತೂ ಹೋಗಲಿಲ್ಲ. ಅದೇ ವರ್ಷ ಸೌದಿ ಅರೇಬಿಯಾ "ದ ಲೈನ್" ಅನ್ನುವ ಊರಿನ ಚಿತ್ರ ತೋರಿಸಿತು. ಮರುಭೂಮಿಯಲ್ಲಿ 170 ಕಿಲೋಮೀಟರ್ ಉದ್ದ, 500 ಮೀಟರ್ ಎತ್ತರದ ಜೋಡಿ ಕನ್ನಡಿ ಗೋಡೆ. ಕಟ್ಟಡಕ್ಕಿಂತ ಅದು ವಿಡಿಯೋ ಅಂತಲೇ ನನಗೆ ಅನ್ನಿಸಿದ್ದು. ನ್ಯೂಯಾರ್ಕಿನಲ್ಲಿ 435 ಮೀಟರ್ ಎತ್ತರದ ಸ್ಟೈನ್‌ವೇ ಟವರ್ ಮುಗಿಯಿತು. ಅದರ ಅಗಲದ 24 ಪಟ್ಟು ಅದರ ಎತ್ತರ. ಕೋಟ್ಯಧಿಪತಿಗಳ ಫ್ಲಾಟುಗಳು. ತಮಾಷೆ ಅಂದರೆ ಆ ಕಡ್ಡಿಯಂಥ ಗೋಪುರದ ಬುಡದಲ್ಲೂ 1925ರ ಹಳೇ ಪಿಯಾನೋ ಅಂಗಡಿಯ ಕಟ್ಟಡವನ್ನು ಉಳಿಸಿಕೊಂಡಿದ್ದಾರೆ.

ಮಗಳ ಪ್ರಬಂಧಕ್ಕೆ ಲಂಡನ್ನಿನ ಒಂದು ಜಗಳವನ್ನೂ ಸೇರಿಸಲು ಹೇಳಿ. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ತನ್ನ ಹಳೇ ಅಂಗಡಿ ಕಟ್ಟಡ ಒಡೆದು ಹೊಸದು ಕಟ್ಟುತ್ತೇನೆ ಎಂದಿತು. ಹೊಸದು ಕಡಿಮೆ ಕರೆಂಟು ಬಳಸುತ್ತದೆ ಅನ್ನುವುದು ಅವರ ವಾದ. ಒಡೆದು ಕಟ್ಟುವುದಕ್ಕೇ ಆಗುವ ಮಾಲಿನ್ಯ ಎಷ್ಟು ಅನ್ನುವುದು ವಿರೋಧಿಗಳ ಪ್ರಶ್ನೆ. 2022ರ ಕೊನೆಯಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. 2023ರಲ್ಲಿ ಮಂತ್ರಿ ಬೇಡ ಎಂದರು. 2024ರಲ್ಲಿ ಕೋರ್ಟು ಆ ತೀರ್ಮಾನ ರದ್ದು ಮಾಡಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಒಪ್ಪಿಗೆ ಕೊಟ್ಟಿತು. ಒಡೆಯೋದು ನಿಂತಿಲ್ಲ. ಆದರೆ ಯಾಕೆ ಒಡೆಯುತ್ತೀರಿ ಅಂತ ಒಂದು ಅಂಗಡಿಯನ್ನು ಸರ್ಕಾರವೇ ಕೂರಿಸಿ ಕೇಳುವ ಕಾಲ ಬಂದಿದೆ. ಮೊದಲು ಹಾಗೆ ಕೇಳುತ್ತಿದ್ದದ್ದು ಹೆಚ್ಚಾಗಿ ಅರಮನೆ, ಚರ್ಚುಗಳಂಥ ಕಟ್ಟಡಗಳಿಗೆ.

ಕೇಳುವುದಕ್ಕೆ ಕಾರಣ ಇದೆ. ಇಂಧನ ಬಳಕೆಯಿಂದ ಮತ್ತು ಕಾರ್ಖಾನೆಗಳ ಪ್ರಕ್ರಿಯೆಗಳಿಂದ ಪ್ರಪಂಚದಲ್ಲಿ ಹೊಮ್ಮುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 37ರಷ್ಟು ಕಟ್ಟಡಗಳಿಂದ ಮತ್ತು ಕಟ್ಟುವ ಕೆಲಸದಿಂದ ಬರುತ್ತದೆ ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರ ವರದಿಯಲ್ಲಿ ಹೇಳಿತು. ಸಿಮೆಂಟಿನ ವಿಚಾರ ಇನ್ನೂ ತೊಡಕಿನದು. ಸಿಮೆಂಟು ಸುಡುವ ಕುಲುಮೆಗೆ ಹಾಕುವ ಕಲ್ಲಿದ್ದಲನ್ನು ಬದಲಿಸಿದರೂ ಸಾಲದು, ಯಾಕೆಂದರೆ ಅದರ ಮಾಲಿನ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಸುಣ್ಣದ ಕಲ್ಲು ಬೇಯುವಾಗ ಕಲ್ಲಿನೊಳಗಿಂದಲೇ ಬರುತ್ತದೆ. ಒಮ್ಮೆ ಹಾಕಿದ ಸ್ಲ್ಯಾಬು ಆ ಬೆಲೆ ತೆತ್ತಾಗಿದೆ. ಅದನ್ನು ಒಡೆದರೆ ಮತ್ತೊಮ್ಮೆ ತೆರಬೇಕು. 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಪಡೆದ ಫ್ರಾನ್ಸಿನ ಆನ್ ಲಕಾಟೋನ್ ಮತ್ತು ಜಾನ್ ಫಿಲಿಪ್ ವಸಾಲ್ ಇದನ್ನೇ ಮುಂಚಿನಿಂದ ಮಾಡುತ್ತಾ ಬಂದವರು. ಬೋರ್ಡೋ ಊರಿನಲ್ಲಿ 1960ರ ದಶಕದ ಮೂರು ವಠಾರಗಳ 530 ಮನೆಗಳಿಗೆ ಹೊರಗಿನಿಂದ ಅಗಲವಾದ ಗಾಜಿನ ಜಗಲಿ ಸೇರಿಸಿದರು. ಕೆಲಸ ನಡೆಯುವಾಗ ಬಾಡಿಗೆದಾರರು ಒಳಗೇ ಇದ್ದರು. ಜಗಲಿಗೆ ಅದರದ್ದೇ ಕಂಬ, ಅದರದ್ದೇ ಪಾಯ. ಹಳೇ ಕಟ್ಟಡಕ್ಕೆ ಹೊಸ ಭಾರ ಇಲ್ಲ.

ಇನ್ನು ನಿಮ್ಮ ಕಟ್ಟಡದ ಮಾತು. ಕಂಬಿಗೆ ತುಕ್ಕು ಬಂದ ಮೇಲೆ ಮುಗೀತು ಅನ್ನುವುದು ಅರ್ಧ ಸತ್ಯ. ಲಂಡನ್ನಿನ ಬ್ಯಾಟರ್‌ಸೀ ಪವರ್ ಸ್ಟೇಷನ್ 1983ರಲ್ಲಿ ನಿಂತುಹೋಗಿ ದಶಕಗಳ ಕಾಲ ಪಾಳು ಬಿದ್ದಿತ್ತು. 2022ರ ಅಕ್ಟೋಬರ್‌ನಲ್ಲಿ ಅಂಗಡಿ, ಆಫೀಸು, ಮನೆಗಳಾಗಿ ಮತ್ತೆ ತೆರೆಯಿತು. ಅದರ ನಾಲ್ಕು ಬಿಳಿ ಚಿಮಣಿ ನೋಡಿ ಜನ "ಹಳೇದನ್ನು ಹಾಗೇ ಉಳಿಸಿದ್ದಾರೆ" ಅನ್ನುತ್ತಾರೆ. ಆ ಚಿಮಣಿಗಳು ಹೊಸವು. ಹಳೇ ಚಿಮಣಿಗಳ ಕಾಂಕ್ರೀಟಿನಲ್ಲಿ ಕಂಬಿ ತುಕ್ಕು ತಿಂದು ರಿಪೇರಿಯ ಹಂತ ದಾಟಿತ್ತು. ಅವನ್ನು ಇಳಿಸಿ, ಅದೇ ಅಳತೆಯಲ್ಲಿ ಮತ್ತೆ ಕಟ್ಟಿದರು. ಇಟ್ಟಿಗೆಯ ಗೋಡೆಗಳನ್ನು ರಿಪೇರಿ ಮಾಡಿ ಉಳಿಸಿಕೊಂಡರು. ತುಕ್ಕು ಹಿಡಿದ ಚಿಮಣಿ ಹೋಯಿತು, ಗೋಡೆ ಉಳಿಯಿತು.

ತುಕ್ಕು ಯಾಕೆ ಬರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಒಳ್ಳೆಯ ಕಾಂಕ್ರೀಟು ಕ್ಷಾರ. ಆ ಕ್ಷಾರ ಇರುವವರೆಗೆ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪದರ ಇರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ವರ್ಷ ವರ್ಷವೂ ಹೊರಗಿನಿಂದ ಒಳಕ್ಕೆ ಇಳಿದು ಆ ಕ್ಷಾರವನ್ನು ಕೊಲ್ಲುತ್ತಾ ಬರುತ್ತದೆ. ಅದು ಕಂಬಿ ಮುಟ್ಟಿದ ದಿನ ಪದರ ಹೋಯಿತು. ಆಮೇಲೆ ನೀರು ಸಿಕ್ಕರೆ ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಊದಿಕೊಳ್ಳುತ್ತದೆ, ಒಳಗಿನಿಂದ ಒತ್ತಿ ಸಿಮೆಂಟನ್ನು ಉದುರಿಸುತ್ತದೆ. 1980ರ ದಶಕದಲ್ಲಿ ನಮ್ಮ ಊರುಗಳಲ್ಲಿ ಕವರ್ ಬ್ಲಾಕ್, ಅಂದರೆ ಕಂಬಿ ಅಚ್ಚಿಗೆ ತಾಗದ ಹಾಗೆ ಅಡಿಯಲ್ಲಿ ಕೊಡುವ ಅಳತೆಯ ತುಂಡು, ಇಡುವ ರೂಢಿ ಕಡಿಮೆ. ಕಂಬಿ ಕೆಳಗೆ ಜಲ್ಲಿ ಚೂರು ಇಟ್ಟು ಎತ್ತುತ್ತಿದ್ದರು. ಕೈಯಲ್ಲಿ ಕಲಸಿದ ಮಾಲು, ಸಲೀಸಾಗಿ ಹರಿಯಲಿ ಅಂತ ನೀರು ಜಾಸ್ತಿ. ಹೀಗೆ ಹಾಕಿದ ಸ್ಲ್ಯಾಬಿನಲ್ಲಿ ಕಂಬಿ ಅಡಿಯಿಂದ ಅರ್ಧ ಇಂಚಿನಲ್ಲೇ ಇರುತ್ತದೆ. 35 ವರ್ಷಕ್ಕೆ ಗಾಳಿ ಅಲ್ಲಿಗೆ ತಲುಪುವುದು ಆಶ್ಚರ್ಯವಲ್ಲ. ಅದರ ಮೇಲೆ ತಾರಸಿ ಸೋರಿದರೆ ಕೇಳಬೇಕಾ?

ಇದನ್ನು ಪರೀಕ್ಷೆ ಮಾಡುವುದು ಸುಲಭ. ಒಂದು ಮೂಲೆಯಲ್ಲಿ ಕಾಂಕ್ರೀಟನ್ನು ಹೊಸದಾಗಿ ಕೆತ್ತಬೇಕು. ಧೂಳು ಊದಿ, ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಬೇಕು. ಹೈಸ್ಕೂಲಿನ ಲ್ಯಾಬಿನಲ್ಲಿ ಆಮ್ಲ, ಕ್ಷಾರ ನೋಡಲು ಬಳಸುತ್ತಿದ್ದೆವಲ್ಲ, ಅದೇ. ಒಳಗಿನ ಜೀವಂತ ಕಾಂಕ್ರೀಟು ಕಣ್ಣೆದುರೇ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹೊರಗಿನ ಸತ್ತ ಪಟ್ಟಿ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿ ಎಷ್ಟು ದಪ್ಪ, ಕಂಬಿ ಎಷ್ಟು ಒಳಗೆ, ಈ ಎರಡು ಅಳತೆ ಸ್ಕೇಲಿನಲ್ಲೇ ಸಿಗುತ್ತದೆ. ಗುಲಾಬಿ ಭಾಗದಲ್ಲಿ ಕಂಬಿ ಇದ್ದರೆ ನಿಮಗೆ ಸಮಯ ಇದೆ. ಬೂದು ಭಾಗದಲ್ಲಿದ್ದರೆ ರಿಪೇರಿ ದೊಡ್ಡದು. ಪಿಲ್ಲರ್‌ಗಳಲ್ಲಿ, ಬೀಮುಗಳಲ್ಲಿ, ತಾರಸಿ ಸ್ಲ್ಯಾಬಿನಲ್ಲಿ, ಕೆಳ ಅಂತಸ್ತಿನ ಸ್ಲ್ಯಾಬಿನಲ್ಲಿ ಬೇರೆ ಬೇರೆ ನೋಡಬೇಕು. ಒಂದು ಕಡೆ ನೋಡಿ ಎಲ್ಲ ಹೀಗೇ ಅನ್ನುವಂತಿಲ್ಲ.

ಕೆಲವರು ಬರೀ ರಿಬೌಂಡ್ ಹ್ಯಾಮರ್, ಅಂದರೆ ಕಾಂಕ್ರೀಟಿನ ಗಟ್ಟಿತನ ಅಳೆಯುವ ಸುತ್ತಿಗೆಯಂಥ ಸಾಧನ, ಬಡಿದು ರಿಪೋರ್ಟು ಕೊಟ್ಟುಬಿಡುತ್ತಾರೆ. ಅದಷ್ಟೇ ಸಾಲದು. ಗಾಳಿ ತಾಗಿದ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗುತ್ತದೆ. ಹಾಗಾಗಿ ಸುತ್ತಿಗೆ ನಿಜಕ್ಕಿಂತ ಒಳ್ಳೆಯ ಅಂಕ ಕೊಡುತ್ತದೆ. ಶಬ್ದದ ಅಲೆ ಹಾಯಿಸಿ ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆ, ಒಂದೆರಡು ಕಡೆ ಕೋರ್, ಅಂದರೆ ಕಾಂಕ್ರೀಟಿನ ದುಂಡನೆಯ ತುಂಡು, ಕೊರೆದು ತೆಗೆದು ಪ್ರೆಸ್ಸಿನಲ್ಲಿ ಒಡೆದು ನೋಡುವುದು, ಎರಡೂ ಬೇಕು. ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ ಇವನ್ನು ಮಾಡಿಕೊಡುತ್ತಾರೆ. ಒಂದು ಮಾತು ನೆನಪಿರಲಿ: ಒಡೆದು ಕಟ್ಟುವ ಕೆಲಸ ಹಿಡಿಯುವವರ ಕೈಯಲ್ಲೇ ಈ ಪರೀಕ್ಷೆ ಮಾಡಿಸಬೇಡಿ. ರಿಪೇರಿ ಕೆಮಿಕಲ್ ಮಾರುವವರ ಕೈಯಲ್ಲೂ ಬೇಡ.

ರಿಪೋರ್ಟು ಬಂದ ಮೇಲೆ ದಾರಿಗಳು ಹೀಗಿವೆ. ಪಿಲ್ಲರ್, ಬೀಮು ಗಟ್ಟಿಯಾಗಿದ್ದು ಬಾಲ್ಕನಿ, ಸಜ್ಜಾ, ತಾರಸಿ ಮಾತ್ರ ಕೆಟ್ಟಿದ್ದರೆ, ನನ್ನ ಅನುಭವದಲ್ಲಿ ಜಾಸ್ತಿ ಕಂಡಿರುವುದು ಇದೇ, ಬ್ಯಾಟರ್‌ಸೀ ದಾರಿ ಹಿಡಿಯಿರಿ. ಸತ್ತ ಭಾಗ ಕತ್ತರಿಸಿ, ಬದುಕಿದ್ದನ್ನು ಉಳಿಸಿಕೊಳ್ಳಿ. ಪಿಲ್ಲರ್‌ಗಳಿಗೆ ಬೇಕಾದರೆ ಸುತ್ತ ಹೊಸ ಕಂಬಿ ಕಟ್ಟಿ ಜಾಕೆಟ್ ಹಾಕಬಹುದು. ಅಪಾಯ ಎರಡು. ಕೆತ್ತಿದ ಮೇಲೆ ಅಂದುಕೊಂಡದ್ದಕ್ಕಿಂತ ಜಾಸ್ತಿ ತುಕ್ಕು ಸಿಗಬಹುದು, ಹಾಗಾಗಿ ಅಂದಾಜಿನ ಮೇಲೆ ಕಾಲು ಭಾಗ ಹಣ ಕೈಯಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಉದುರಿದ ಕಡೆ ಮಾತ್ರ ಸಿಮೆಂಟು ಮೆತ್ತಿ ಬಣ್ಣ ಬಳಿಯುವುದು. ಅದು ರಿಪೇರಿಯಲ್ಲ. ಹೊಸ ತೇಪೆಯ ಅಂಚಿನಲ್ಲೇ ಹಳೇ ಕಂಬಿ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ಎರಡು ಮೂರು ಮಳೆಗಾಲದಲ್ಲಿ ಪಕ್ಕದ್ದು ಉದುರುತ್ತದೆ.

ಪಿಲ್ಲರ್‌ಗಳೇ ಸತ್ತಿದ್ದರೆ, ಅಥವಾ ರಿಪೇರಿಗೆ ಹೊಸದು ಕಟ್ಟುವ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಬಿದ್ದರೆ ನಾನೂ ಒಡೆಯಿರಿ ಅನ್ನುತ್ತೇನೆ. ಈ ಅರ್ಧದ ಲೆಕ್ಕ ಎಲ್ಲೂ ಬರೆದಿಟ್ಟ ನಿಯಮವಲ್ಲ, ನಾನು ಇಟ್ಟುಕೊಂಡಿರುವುದು. ಆದರೆ ಒಡೆಯುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಆ ಕಾಲದಲ್ಲಿ ಸೈಟಿನ ಅಂಚಿಗೇ ಗೋಡೆ ಎತ್ತಿದವರು ಬಹಳ. ಈಗ ಹೊಸ ಪ್ಲಾನಿಗೆ ಸುತ್ತ ಜಾಗ ಬಿಡಬೇಕು, ಪಾರ್ಕಿಂಗ್ ತೋರಿಸಬೇಕು. ಒಡೆದ ಮೇಲೆ ಅಷ್ಟೇ ದೊಡ್ಡ ಕಟ್ಟಡ ಸಿಗುತ್ತದೆ ಅಂತಿಲ್ಲ, ಕೆಳಗಿನ ಎರಡು ಅಂಗಡಿಯ ಜಾಗ ಒಂದಾಗಬಹುದು. ನಗರಪಾಲಿಕೆಯಲ್ಲಿ ವಿಚಾರಿಸಿ, ಹೊಸ ಪ್ಲಾನಿನ ಗೆರೆ ಕಾಗದದ ಮೇಲೆ ನೋಡಿ, ಆಮೇಲೆ ತಮ್ಮಂದಿರ ಜೊತೆ ಕೂತು ಮಾತಾಡಿ. ಯಾರ ಪಾಲು ಯಾವುದು, ಯಾರು ಎಷ್ಟು ಹಾಕುತ್ತಾರೆ, ಬಾಡಿಗೆ ನಿಂತ ತಿಂಗಳುಗಳಿಗೆ ಏನು, ಇಷ್ಟೂ ಬರಹದಲ್ಲಿ ಆಗುವವರೆಗೆ ಒಂದು ಇಟ್ಟಿಗೆಯನ್ನೂ ತೆಗೆಸಬೇಡಿ. ಅರ್ಧ ಒಡೆದು ನಿಂತ ಕಟ್ಟಡಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇನ್ನೊಂದು ಅಂತಸ್ತು, ಮಣ್ಣಿನ ಇಟ್ಟಿಗೆ. ಇಲ್ಲಿ ಮಗಳಿಗೆ ಸ್ವಲ್ಪ ಬೇಜಾರಾಗಬಹುದು.

2022ರ ಮಾರ್ಚಿನಲ್ಲಿ ಪ್ರಿಟ್ಜ್‌ಕರ್ ಪಡೆದವರು ಫ್ರಾನ್ಸಿಸ್ ಕೆರೆ. ಆ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್. ಬುರ್ಕಿನಾ ಫಾಸೋದ ಗಾಂಡೋ ಅನ್ನುವ ಹಳ್ಳಿಯವರು. ಬಡಗಿ ಕೆಲಸ ಕಲಿಯಲು ಜರ್ಮನಿಗೆ ಹೋಗಿ ವಾಸ್ತುಶಿಲ್ಪ ಓದಿದರು. ಓದುತ್ತಿರುವಾಗಲೇ ಹಣ ಕೂಡಿಸಿ ತಮ್ಮ ಹಳ್ಳಿಗೆ ಶಾಲೆ ಕಟ್ಟಿದರು, 2001ರಲ್ಲಿ. ಅದರ ಚಾವಣಿ ನೋಡಬೇಕು. ಕೋಣೆಯ ಮೇಲೆ ಸಂದು ಬಿಟ್ಟು ಜೋಡಿಸಿದ ಇಟ್ಟಿಗೆಯ ಒಳಚಾವಣಿ. ಅದರಿಂದ ಮೇಲಕ್ಕೆ, ಸಣ್ಣ ಕಂಬಿಗಳನ್ನೇ ಬೆಸೆದು ಮಾಡಿದ ಟ್ರಸ್ಸಿನ ಮೇಲೆ ಅಗಲವಾದ ತಗಡು. ತಗಡು ಕಾದರೂ ಬಿಸಿ ಕೆಳಗೆ ಇಳಿಯುವುದಿಲ್ಲ. ಕೋಣೆಯ ಬಿಸಿಗಾಳಿ ಇಟ್ಟಿಗೆಯ ಸಂದಿನಿಂದ ಮೇಲೆ ಹೋಗಿ ನಡುವಿನ ಖಾಲಿ ಜಾಗದಲ್ಲಿ ಬೀಸುವ ಗಾಳಿಯ ಜೊತೆ ಹೊರಟುಹೋಗುತ್ತದೆ. ಟ್ರಸ್ಸಿನ ಕಂಬಿಗಳನ್ನು ಊರವರೇ ಕೈಗರಗಸದಲ್ಲಿ ಕೊಯ್ದು, ಚಿಕ್ಕ ವೆಲ್ಡಿಂಗ್ ಮೆಷಿನ್ನಿನಲ್ಲಿ ಬೆಸೆಯುವ ಹಾಗೆ ಯೋಚನೆ ಮಾಡಿದ್ದರು. ಪ್ರಶಸ್ತಿ ಬಂದದ್ದು ಈ ಯೋಚನೆಗೆ. ಮಣ್ಣು ಅನ್ನುವ ಒಂದೇ ಕಾರಣಕ್ಕಲ್ಲ. ಆ ಮಣ್ಣಿನ ಇಟ್ಟಿಗೆಯಲ್ಲೂ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರೂ 1970ರ ದಶಕದಿಂದ ಇಂಥ ಒತ್ತಿದ ಮಣ್ಣಿನ ಇಟ್ಟಿಗೆ ಮೇಲೆ ಕೆಲಸ ಮಾಡಿದ್ದಾರೆ.

ಗಮನಿಸಿ, ಗಾಂಡೋ ಶಾಲೆ ನೆಲದ ಮೇಲೆ ನಿಂತ ಒಂದೇ ಅಂತಸ್ತಿನದು. ಒತ್ತಿದ ಮಣ್ಣಿನ ಇಟ್ಟಿಗೆ ಒಂದು ಘನ ಮೀಟರಿಗೆ ಎರಡು ಟನ್ನಿನ ಹತ್ತಿರ ತೂಗುತ್ತದೆ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರವಾದ ಎಎಸಿ ಸಿಮೆಂಟು ಬ್ಲಾಕು ಅದರ ಮೂರನೇ ಒಂದು ಭಾಗದಷ್ಟು. ಹೊಸ ಪಾಯದ ಮೇಲೆ ಹೊಸ ಮನೆಗೆ ಮಣ್ಣಿನ ಇಟ್ಟಿಗೆ ಬಹಳ ಒಳ್ಳೆಯದು, ನಾನೇ ಹೇಳಿ ಕಟ್ಟಿಸಿದ್ದೇನೆ. 35 ವರ್ಷ ದಾಟಿದ ಪಿಲ್ಲರ್‌ಗಳ ತಲೆಯ ಮೇಲೆ ಅದನ್ನು ಹೊರಿಸಬೇಡಿ. ದಾವಣಗೆರೆ ಸುತ್ತ ಎರೆಭೂಮಿ ಇರುವ ಕಡೆ ಪಾಯದ ಚಿಂತೆ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ ಅದು. ಪಾಯ ಎಷ್ಟು ಆಳ ಇದೆ ಅಂತ ಒಂದು ಪಿಲ್ಲರ್ ಪಕ್ಕ ಅಗೆದು ನೋಡದೆ ಅಂತಸ್ತಿನ ಮಾತೇ ಎತ್ತಬಾರದು. ತೀರಾ ಬೇಕೇ ಬೇಕು ಅಂದರೆ, ಲೆಕ್ಕ ಒಪ್ಪಿದರೆ, ಪ್ಲಾನಿಗೆ ಅನುಮತಿ ಸಿಕ್ಕರೆ, ಹಗುರವಾದ ಉಕ್ಕಿನ ಚೌಕಟ್ಟಿನ ಒಂದು ಕೋಣೆ. ಅಷ್ಟೇ.

ಬೆಂಗಳೂರಿನ ಟರ್ಮಿನಲ್ 2 ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ ಇದೆ. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಆ ಕಟ್ಟಡದಲ್ಲಿ ಕಣ್ಣಿಗೆ ಕಾಣುವುದು ಬಿದಿರು. ಭಾರ ಹೊತ್ತಿರುವುದು ಉಕ್ಕು. ಕಾರ್ಖಾನೆಯಲ್ಲಿ ಸಂಸ್ಕರಿಸಿದ ಬಿದಿರಿನ ಪಟ್ಟಿಗಳನ್ನು ಜಾಲಂಧ್ರದ ಹಾಗೆ ಚಾವಣಿಗೆ ತೂಗುಬಿಟ್ಟಿದ್ದಾರೆ. ಚೆನ್ನಾಗಿದೆ, ನನಗೂ ಇಷ್ಟ. ಆದರೆ ಬಿದಿರಿನಲ್ಲಿ ಏರ್‌ಪೋರ್ಟ್ ನಿಲ್ಲಿಸಿದ್ದಾರೆ ಅಂತ ಪ್ರಬಂಧದಲ್ಲಿ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ.

ಅಂತಸ್ತು ಸೇರಿಸುವ ಆಸೆ ತಪ್ಪಲ್ಲ. ಮೊದಲೇ ಅದಕ್ಕೆ ತಯಾರಿ ಬೇಕು, ಅಷ್ಟೇ. 2022ರ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಬಂದದ್ದು ನಮ್ಮ ಬಾಲಕೃಷ್ಣ ದೋಶಿಯವರಿಗೆ, ಐಐಎಂ ಬೆಂಗಳೂರಿನ ಆ ಕಲ್ಲಿನ ಕಟ್ಟಡಗಳನ್ನು ಮಾಡಿದವರಿಗೆ. ಮರು ವರ್ಷ ಜನವರಿಯಲ್ಲಿ ಅವರು ತೀರಿಕೊಂಡರು. ಇಂದೋರಿನ ಅರಣ್ಯ ಬಡಾವಣೆಯಲ್ಲಿ ಅವರು ಬಡವರಿಗೆ ಪೂರ್ತಿ ಮನೆ ಕೊಡದೆ ಜಗತಿ, ನೀರು, ಶೌಚಾಲಯ ಕೊಟ್ಟರು. ಉಳಿದದ್ದನ್ನು ಕುಟುಂಬಗಳು ದುಡ್ಡು ಕೂಡಿದ ಹಾಗೆ ಸೇರಿಸಿಕೊಂಡವು. ಒಡೆದು ಕಟ್ಟುವುದೇ ಆದರೆ ನಿಮ್ಮ ಮಗಳು ನೋಡಬೇಕಾದ ವಿನ್ಯಾಸ ಅದು. ಮುಂದೆ ಏರಿಸುವ ಅಂತಸ್ತಿಗೆ ಪಾಯದಲ್ಲೇ ಈಗಲೇ ಲೆಕ್ಕ ಹಾಕಿಸಿ.

ಕೊನೆಗೆ ಈ ವಾರವೇ ಮಾಡಬೇಕಾದ್ದು. ಬಾಲ್ಕನಿ ಅಡಿಯಲ್ಲಿ ಕಾಣುವ ಕಂಬಿ ನೋಡಿ ನೀವು ಹೆದರಿದ್ದೀರಿ. ನನಗೆ ಹೆದರಿಕೆ ಕಾಣದ ಕಂಬಿಯದ್ದು. ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿಯನ್ನು ಹಿಡಿದಿರುವ ಮುಖ್ಯ ಕಂಬಿ ಮೇಲ್ಭಾಗದಲ್ಲಿ, ನೆಲಹಾಸಿನ ಕೆಳಗೆ ಇರುತ್ತದೆ. ನೀರು ನಿಲ್ಲುವುದೂ ಅಲ್ಲೇ. ಅದು ಹೋದರೆ ಚಾಚಿದ ಸ್ಲ್ಯಾಬು ಮುನ್ಸೂಚನೆ ಕೊಡದೆ ಕಳಚುತ್ತದೆ. ಪರೀಕ್ಷೆ ಆಗುವವರೆಗೆ ಬಾಲ್ಕನಿಗಳ ಬಾಗಿಲಿಗೆ ಬೀಗ ಹಾಕಿ. ಹೂಕುಂಡ, ಸಿಲಿಂಡರ್, ಬಟ್ಟೆ ತೊಳೆಯುವ ಕಲ್ಲು ಏನಿದ್ದರೂ ಒಳಗೆ ತನ್ನಿ. ಕೆಳಗೆ ಅಂಗಡಿಯವರು ಸಾಮಾನು ಇಡದ ಹಾಗೆ, ಗಿರಾಕಿಗಳು ನಿಲ್ಲದ ಹಾಗೆ ಹಗ್ಗ ಕಟ್ಟಿಸಿ. ಆಧಾರಕ್ಕೆ ಅಡಿಯಿಂದ ಕಬ್ಬಿಣದ ಜಾಕಿ ಕೊಡಿಸುವುದಾದರೆ ಮೇಲಿನ ಬಾಲ್ಕನಿಗೆ ಮಾತ್ರ ಕೊಡಬೇಡಿ, ಆ ಭಾರ ಕೆಳಗಿನ ಬಾಲ್ಕನಿಯ ಮೇಲೆ ಕೂರುತ್ತದೆ. ಒಂದರ ನೇರಕ್ಕೆ ಒಂದು, ಗಟ್ಟಿ ನೆಲದವರೆಗೆ ಕೊಡಿಸಿ.